ಹರಕೆಯ ಕೂದಲು

"ಅವ್ವ ಯಾವಾಗ ತೀರೋದ್ರು?" ಎಂದು ನಂಜಪ್ಪ ದನಿ ತಗ್ಗಿಸಿ ಕೇಳಿದಾಗ ಚಲುವರಾಜು ಕಿಟಕಿಯಾಚೆ ನೋಡುತ್ತಲೇ "ಓದ್ ತಿಂಗ್ಳು" ಅಂದುಬಿಟ್ಟ. ಪಾಂಡವಪುರ ಸ್ಟೇಷನ್ನಿನಲ್ಲಿ ರೈಲು ಹತ್ತಿದಾಗಿನಿಂದ ಎದುರು ಸೀಟಿನ ಈ ಬೂಕನಕೆರೆಯ ರೈತ ತನ್ನ ತಲೆಯನ್ನೇ ನೋಡುತ್ತಿದ್ದಾನೆಂದು ಅವನಿಗೆ ಗೊತ್ತಿತ್ತು. ಸೆಕೆ ತಡೆಯಲಾರದೆ ಟೋಪಿ ತೆಗೆದದ್ದೇ ತಪ್ಪಾಗಿತ್ತು. ತಲೆ ಬೋಳು, ಮೀಸೆಯೂ ಇಲ್ಲ. ನಡುವಯಸ್ಸಿನ ಗಂಡಸೊಬ್ಬ ಹಾಗೆ ಕೂತಿದ್ದರೆ ಈ ಸೀಮೆಯವರು ಎರಡನೆಯ ಯೋಚನೆ ಮಾಡುವುದಿಲ್ಲ, ಹೆತ್ತವರಲ್ಲಿ ಒಬ್ಬರು ಹೋಗಿದ್ದಾರೆ ಅಂದುಕೊಳ್ಳುತ್ತಾರೆ. ಅಪ್ಪ ಹೋಗಿ ಎಷ್ಟೋ ವರ್ಷವಾಯಿತೆಂದು ನಂಜಪ್ಪನಿಗೆ ಗೊತ್ತು. ಉಳಿದವಳು ಅವ್ವ. ಅವನು ಊಹಿಸಿದ್ದರಲ್ಲಿ ಏನೂ ತಪ್ಪಿರಲಿಲ್ಲ. ಅಲ್ಲ ಅಂದಿದ್ದರೆ ಮತ್ತೇನು ಎಂದು ಹೇಳಬೇಕಾಗಿತ್ತು. ಸಕ್ಕರೆ ಕಾರ್ಖಾನೆಯ ಫೀಲ್ಡ್‌ಮನ್ ಚಲುವರಾಜುಗೆ ಕ್ಯಾನ್ಸರ್ ಅಂತೆ ಎಂಬ ಮಾತು ಬೂಕನಕೆರೆಯ ಸಂತೆಯಲ್ಲಿ ಒಮ್ಮೆ ಬಿದ್ದರೆ ಸಾಕು, ಕಟಾವಿಗೆ ಬಂದ ಕಬ್ಬಿನ ಗದ್ದೆಗೆ ಅವನು ಹೋಗಿ ನಿಂತಾಗ ರೈತರೆಲ್ಲ ಕಬ್ಬು ಬಿಟ್ಟು ಗಂಟೆದ್ದಿದ್ದ ಅವನ ಕತ್ತು ನೋಡುತ್ತಾರೆ. ಅದಕ್ಕಿಂತ ಅವ್ವ ಸತ್ತಳೆನ್ನುವುದೇ ಸುಲಭವಾಗಿ ಕಂಡಿತು.

"ಪುಣ್ಯಾತ್ಗಿತ್ತಿ ಕಣಪ್ಪಾ," ಅಂದ ನಂಜಪ್ಪ. "ಓದೊರ್ಸ ಕಟಾವು ಯಾವಾಗ ಅಂತ ಕೇಳಾಕೆ ನಿಮ್ಮನೆ ತಾವ ಬಂದಿದ್ನಲ್ಲ, ನೀನಿರ್ನಿಲ್ಲ. ಕುಂತ್ಕಳಪ್ಪಾ ಅಂತೇಳಿ ಒಂದ್ ಚೊಂಬು ಮಜ್ಗೆ ಕೊಟ್ಟಿದ್ರು. ಉಪ್ಪು ಒಸಿ ಜಾಸ್ತಿನೇ ಆಗಿತ್ತು." ಅಷ್ಟು ಹೇಳಿ ನಗಲು ಹೋದವನ ಕಣ್ಣು ತುಂಬಿತು. "ಸುದ್ದಿನೇ ಬರ್ನಿಲ್ವಲ್ಲ ನಮ್ಗೆ. ಈ ವಾರದಾಗೆ ಬಂದು ಮನೇಲಿ ಮಾತಾಡಿಸ್ಕೊಂಡು ಓಯ್ತೀನಿ ಬುಡು." ಚಲುವರಾಜು ಚೀಲವನ್ನು ಎದೆಗೆ ಅವಚಿಕೊಂಡು ಎದ್ದು ನಿಂತ. ರೈಲು ಶ್ರೀರಂಗಪಟ್ಟಣದಲ್ಲಿ ನಿಧಾನ ಮಾಡುತ್ತಿತ್ತು. ಮೈಸೂರಿಗೆ ಟಿಕೆಟ್ ತೆಗೆದಿದ್ದವನು ಅಲ್ಲೇ ಇಳಿದುಬಿಟ್ಟ.

ಪ್ಲಾಟ್‌ಫಾರಮ್ಮಿನ ಕಲ್ಲುಬೆಂಚಿನ ಮೇಲೆ ಕೂತು ಟೋಪಿಯನ್ನು ಕಿವಿಯವರೆಗೂ ಎಳೆದುಕೊಂಡ. ರೈಲು ಹೊರಟುಹೋಯಿತು. ನಂಜಪ್ಪನಿಂದ ತಪ್ಪಿಸಿಕೊಳ್ಳಲು ಇಳಿದೆ ಎಂದು ತನಗೇ ಹೇಳಿಕೊಂಡರೂ ಅದು ಪೂರ್ತಿ ನಿಜವಲ್ಲ. ರೈಲು ಮೈಸೂರಿಗೆ ಹತ್ತಿರವಾದಷ್ಟೂ ಹೊಟ್ಟೆಯೊಳಗಿಂದ ಏನೋ ಮೇಲೆ ಬರುತ್ತದೆ. ಆಸ್ಪತ್ರೆಯ ಮೆಟ್ಟಿಲನ್ನು ಕಾಣುವುದೇ ಬೇಡ, ಸ್ಪಿರಿಟ್ಟಿನ ವಾಸನೆ ನೆನೆದರೆ ಸಾಕು, ಬಾಯಲ್ಲಿ ನೀರೂರಿ ಒಂದು ಥರದ ತಗಡಿನ ರುಚಿ ಬರುತ್ತದೆ. ಇನ್ನೂ ಸೂಜಿ ಚುಚ್ಚಿಲ್ಲ, ಔಷಧಿ ಒಳಗೆ ಹೋಗಿಲ್ಲ, ಆಗಲೇ ವಾಂತಿ. ಕಳೆದ ಸಲ ಬಾಗಿಲಲ್ಲೇ ಹೀಗಾಗಿ, ಆಯಾ "ಇನ್ನೂ ಶುರುನೇ ಆಗಿಲ್ವಲ್ಲಪ್ಪಾ" ಎಂದು ಬಕೆಟ್ಟು ತಂದಾಗ ಅಲ್ಲಿ ಕೂತಿದ್ದವರೆಲ್ಲ ನಕ್ಕಿದ್ದರು. ನಕ್ಕರೋ ಇಲ್ಲವೋ, ಅವನಿಗೆ ಹಾಗನ್ನಿಸಿತ್ತು. ಇವತ್ತು ನಾಲ್ಕನೆಯ ಸಲ. ಒಟ್ಟು ಆರು ಸಲ ಎಂದಿದ್ದಾರೆ. ಹೆಂಡತಿ ರಂಜಿತ ಪ್ರತಿ ಸಲವೂ ಜೊತೆಗೆ ಬರುತ್ತಿದ್ದಳು. ಇವತ್ತು ತಾನೇ ಬೇಡವೆಂದ, ನಾನೇನು ಮಗುವೇ ಎಂದು ರೇಗಿದ. ರೇಗುವಾಗಲೇ ಇಳಿದುಹೋಗುವ ಯೋಚನೆ ಎಲ್ಲೋ ಮೂಲೆಯಲ್ಲಿ ಕೂತಿತ್ತೆಂದು ಈಗ ಗೊತ್ತಾಗುತ್ತಿದೆ. ಎಷ್ಟು ಜಾಣ ನಾನು ಅಂದುಕೊಂಡ.

ತೊಡೆಯ ಮೇಲಿನ ಚೀಲ ಭಾರವಾಗಿತ್ತು. ಬೆಳಿಗ್ಗೆ ರಂಜಿತ ಅದರಲ್ಲಿ ಆಸ್ಪತ್ರೆಯ ಚೀಟಿಗಳನ್ನೂ ಟವೆಲನ್ನೂ ಇಟ್ಟು ಒಳಗೆ ಹೋದಳು. ಅವಳು ಹೋದದ್ದನ್ನು ನೋಡಿಕೊಂಡು ಅವ್ವ ದ್ಯಾವಮ್ಮ ಅದೇ ಚೀಲಕ್ಕೆ ಒಂದು ತೆಂಗಿನಕಾಯಿ, ಕರ್ಪೂರ, ಪೊಟ್ಟಣದಲ್ಲಿ ಹುರಿಗಡಲೆ ಹಾಕಿದಳು. "ಇವತ್ತು ಮೈಸೂರು ಬ್ಯಾಡ ಕಣ್ ಮಗಾ. ಕರಿಘಟ್ಟಕ್ಕೋಗಿ ಕಾಯಿ ಒಡ್ದು, ಒಸಿ ತಡ್ಕೊ ಸ್ವಾಮಿ, ಕೂದ್ಲು ಬರ್ಲಿ ಕೊಡ್ತೀನಿ ಅಂತ ಕೇಳ್ಕೊಂಡು ಬಾ. ಗಂಟು ಓಯ್ತಲ್ಲ. ಇನ್ನೂ ಆ ಇಸ ಯಾಕ್ಲಾ ಚುಚ್ಚುಸ್ಕೊಂಡೀಯ?" ಒಳಗಿನಿಂದ ರಂಜಿತ, "ಅತ್ತೆ, ಡಾಕ್ಟ್ರು ಆರು ಅಂದವ್ರೆ" ಎಂದಳು. "ಡಾಕ್ಟ್ರು ಅನ್ನೋದಕ್ಕಿಂತ ಮುಂದೇ ನಾನು ಸ್ವಾಮಿಗೆ ಅಂದಿದ್ದೆ," ಎಂದಳು ಅವ್ವ. ಇಬ್ಬರ ನಡುವೆ ಅವನು ಷರ್ಟಿನ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತ ನಿಂತಿದ್ದ. ಬೆರಳ ತುದಿಗಳು ಜೋಮು ಹಿಡಿದಿವೆ, ಗುಂಡಿ ಸಿಕ್ಕುವುದಿಲ್ಲ. ಕೊನೆಗೆ ಯಾರೋ ಬಂದು ಹಾಕಿದರು. ಅವ್ವನೋ ರಂಜಿತಳೋ, ಈಗ ನೆನಪಾಗುತ್ತಿಲ್ಲ.

ಗಂಟು ಹೋಗಿದ್ದು ಮಾತ್ರ ನಿಜ. ಎಡದವಡೆಯ ಕೆಳಗೆ ನಿಂಬೆಹಣ್ಣಿನಷ್ಟು ಇತ್ತು. ಮೊದಲ ಸಲದ ಔಷಧಿಗೇ ಹುಣಸೆಬೀಜದಷ್ಟಾಗಿ, ಎರಡನೆಯದಕ್ಕೆ ಮಾಯವಾಯಿತು. ಲಿಂಫೋಮಾ ಎಂಬ ಹೆಸರನ್ನು ಡಾಕ್ಟರಮ್ಮ ಹೇಳಿದಾಗ ಅವನಿಗೆ ಅದು ಯಾವುದೋ ಹೊಸ ಕಬ್ಬಿನ ತಳಿಯ ಹೆಸರಿನಂತೆ ಕೇಳಿಸಿತ್ತು. ಒಂದೇ ಔಷಧಿ ಕೊಟ್ಟರೆ ಕಾಯಿಲೆ ಅದಕ್ಕೆ ಒಗ್ಗಿಕೊಂಡುಬಿಡುತ್ತದೆ, ನಾಲ್ಕನ್ನು ಒಟ್ಟಿಗೆ ಕೊಡಬೇಕು, ಒಂದರಿಂದ ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಸಿಗಬೇಕು, ಗಂಟು ಕಾಣದೆ ಹೋದರೂ ಬೇರು ಇರುತ್ತದೆ ಎಂದು ಆಕೆ ವಿವರಿಸಿದ್ದಳು. ಅವನು ತಲೆಯಾಡಿಸಿದ್ದ. ಬೇರಿನ ವಿಷಯ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಬ್ಬು ಕಡಿದ ಗದ್ದೆಯಲ್ಲಿ ಕೂಳೆ ಹೇಗೆ ಮತ್ತೆ ಚಿಗುರುತ್ತದೆಂದು ರೈತರಿಗೆ ಹೇಳಿ ಹೇಳಿಯೇ ಅವನಿಗೆ ಸಂಬಳ ಬರುತ್ತಿತ್ತು. ಆದರೆ ನಾಲ್ಕು ಔಷಧಿಗಳು ನಿಜವಾಗಿ ಅರ್ಥವಾದದ್ದು ವಾರ್ಡಿನಲ್ಲಿ ಪಕ್ಕದ ಮಂಚದಲ್ಲಿದ್ದ ಇಮಾಮ್ ಸಾಬರಿಂದ. ಶ್ರೀರಂಗಪಟ್ಟಣದಲ್ಲಿ ಜಟಕಾ ಓಡಿಸುವ ಇಮಾಮನಿಗೂ ಅದೇ ಕಾಯಿಲೆ, ಅದೇ ನಾಲ್ಕು. ಚಲುವರಾಜು ಮೊದಲ ಸಲಕ್ಕೆ ಬಂದಾಗ ಅವನದು ನಾಲ್ಕನೆಯದು. ಅವನು ನಾಲ್ಕಕ್ಕೂ ಹೆಸರಿಟ್ಟುಕೊಂಡಿದ್ದ. ಕೆಂಪಗಿರುವುದು ಶರಬತ್ತು, ಅದಾದ ಮೇಲೆ ಉಚ್ಚೆಯೂ ಕೆಂಪು, ಹೆದರಬಾರದು. ಬಾಟಲಿಯಲ್ಲಿ ತೊಟ್ಟಿಕ್ಕುವುದು ಬರಿ ನೀರು. ಸಣ್ಣ ಸೂಜಿಯದು ಇರುವೆ, ಅದು ಬೆರಳೊಳಗೆ ಹೊಕ್ಕು ಹರಿದಾಡುತ್ತದೆ. ಮನೆಗೆ ಕೊಟ್ಟು ಕಳಿಸುವ ಮಾತ್ರೆ ಹಸಿವು, ಐದು ದಿನ ನುಂಗಿದರೆ ರಾತ್ರಿಯೆಲ್ಲ ನಿದ್ದೆಯಿಲ್ಲ, ಅಡುಗೆಮನೆಯಲ್ಲಿ ಪಾತ್ರೆ ತಡಕುತ್ತೀರಿ. "ನಾಲ್ಕೂ ಸೇರುದ್ರೆ ಬಿರಿಯಾನಿ ಸಾಹೇಬ್ರೆ. ಒಂದು ಕಮ್ಮಿ ಆದ್ರೂ ರುಚಿ ಇಲ್ಲ," ಎಂದು ನಗಿಸಿದ್ದ. ಎರಡನೆಯ ಸಲ ಹೋದಾಗ ಆ ಮಂಚದಲ್ಲಿ ಬೇರೆ ಯಾರೋ ಇದ್ದರು. ಮೂರನೆಯ ಸಲವೂ ಅವನಿರಲಿಲ್ಲ. ಕೇಳಿದ್ದಕ್ಕೆ ನರ್ಸು, "ಗಂಟು ಹೋದ್ರೆ ಇವ್ರೆಲ್ಲ ಬರೋದನ್ನೇ ಬಿಟ್ಬಿಡ್ತಾರೆ" ಎಂದಿದ್ದಳು. ಬದುಕಿದ್ದಾನೆಯೇ ಎಂದು ಕೇಳಬೇಕಾದ ಪ್ರಶ್ನೆಯನ್ನು ಚಲುವರಾಜು ಕೇಳಲಿಲ್ಲ.

ಕೂದಲಿನದು ಬೇರೆಯೇ ರಗಳೆ. ಗಂಟು ಕಾಣಿಸಿಕೊಂಡ ದಿನವೇ ದ್ಯಾವಮ್ಮ, ಇದು ಕರಗಿದರೆ ಮಗನ ಮುಡಿ ನಿನಗೆ ಎಂದು ಕರಿಘಟ್ಟದ ಸ್ವಾಮಿಗೆ ಹರಕೆ ಹೊತ್ತಿದ್ದಳು. ಗಂಟು ಕರಗುವುದಕ್ಕೂ ಕೂದಲು ಉದುರುವುದಕ್ಕೂ ಒಂದೇ ಸಮಯವಾಯಿತು. ಒಂದು ದಿನ ಮುದ್ದೆಯಲ್ಲಿ ಕೂದಲು ಸಿಕ್ಕಿತೆಂದು ಅವನು ರಂಜಿತಳ ಮೇಲೆ ತಟ್ಟೆ ತಳ್ಳಿದ. ಅವಳು ಅವನ ಭುಜದ ಮೇಲಿನಿಂದ ಒಂದು ಹಿಡಿ ಕೂದಲನ್ನು ತೆಗೆದು ತೋರಿಸಿದಳು. ಅವ್ವ ಗಾಬರಿಬಿದ್ದು, ಇರುವುದನ್ನಾದರೂ ಕೊಟ್ಟುಬಿಡೋಣವೆಂದು ಅವನನ್ನು ಬೆಟ್ಟಕ್ಕೆ ಹೊರಡಿಸಿದಳು. ಹೋಗುವಷ್ಟರಲ್ಲಿ ಅದೂ ಇರಲಿಲ್ಲ. ಮುಡಿ ತೆಗೆಯುವ ಚಿಕ್ಕಸ್ವಾಮಿ ನೀರು ಹಚ್ಚಲು ಕೈಯಿಟ್ಟು, "ತೆಗೆಯಾಕೆ ಏನೈತೆ ತಾಯಿ ಇಲ್ಲಿ?" ಎಂದ. ಸುತ್ತ ಕೂತಿದ್ದವರು ಕತ್ತೆತ್ತಿ ನೋಡಿದರು. "ಕತ್ತಿ ಆಡ್ಸಪ್ಪ, ಸ್ವಾಮಿ ನೋಡ್ತಾನೆ," ಎಂದಳು ಅವ್ವ. ಚಿಕ್ಕಸ್ವಾಮಿ ಬರಿ ಬುರುಡೆಯ ಮೇಲೆ ಕತ್ತಿ ಆಡಿಸಿದ, ಗಾಯವಾಯಿತು. ಅದು ಕೀವಾಗಿ ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಬೇಕಾಯಿತು, ಮೂರನೆಯ ಸಲದ ಔಷಧಿ ಮುಂದಕ್ಕೆ ಹೋಯಿತು. ಈ ಔಷಧಿಗಳ ನಡುವೆ ಸೊಳ್ಳೆ ಕಚ್ಚಿದ ಗಾಯವೂ ಆಗಬಾರದು, ರಕ್ತದಲ್ಲಿ ಕಾಯುವವರೇ ಇರುವುದಿಲ್ಲ ಎಂದು ಡಾಕ್ಟರಮ್ಮ ರೇಗಿದಾಗ ಅವನು ಬಾಗಿಲು ತಗುಲಿತು ಎಂದು ಸುಳ್ಳು ಹೇಳಿದ್ದ. ಅವ್ವ ಮನೆಯಲ್ಲಿ ಬೇರೆ ಅರ್ಥ ಮಾಡಿಕೊಂಡಳು. ಬರಿಗೈಯಲ್ಲಿ ಹೋದದ್ದಕ್ಕೆ ಸ್ವಾಮಿ ಕೋಪಿಸಿಕೊಂಡ. ಕೂದಲು ಬೆಳೆಯಬೇಕು, ಬೆಳೆಯಬೇಕಾದರೆ ಔಷಧಿ ನಿಲ್ಲಬೇಕು. ಅವಳ ಮಾತು ಎಳೆಎಳೆಯಾಗಿ ಸರಿಯಿತ್ತು, ಅದೇ ಅವನಿಗೆ ಭಯ. ರೈಲಿನಲ್ಲಿ ಅವ್ವ ಸತ್ತಳೆಂದು ಹೇಳಿದ ಕೂಡಲೆ ಎದೆಯಲ್ಲಿ ಒಂದು ಹಗುರ ಸುಳಿದುಹೋಗಿತ್ತಲ್ಲ, ಅದನ್ನು ಈಗ ಮತ್ತೆ ಮುಟ್ಟಿ ನೋಡಿದ. ಇತ್ತು. ಅವನಿಗೆ ತನ್ನ ಮೇಲೆ ಅಸಹ್ಯವಾಯಿತು.

ಸ್ಟೇಷನ್ನಿನ ಹೊರಗೆ ಮೂರು ಜಟಕಾ ನಿಂತಿದ್ದವು. ಕೊನೆಯದರ ಮೂಕಿಯ ಬಳಿ ಕುದುರೆಗೆ ಹುಲ್ಲು ಹಾಕುತ್ತಿದ್ದವನನ್ನು ಚಲುವರಾಜು ಬೆನ್ನಿನಿಂದಲೇ ಗುರುತು ಹಿಡಿದ. ಬದುಕಿದ್ದಾನೆ. ಆಗ ಬಂದ ಸಂತೋಷವೆಲ್ಲ ಇಮಾಮನಿಗಾಗಿ ಇರಲಿಲ್ಲ. ಔಷಧಿ ಬಿಟ್ಟವನೂ ಬದುಕುತ್ತಾನೆ ಎಂಬುದು ಅದರಲ್ಲಿ ಹೆಚ್ಚಿಗಿತ್ತು. ಅವನು ಇಳಿದದ್ದು ನಂಜಪ್ಪನಿಗಾಗಿಯೂ ಅಲ್ಲ, ಕರಿಘಟ್ಟಕ್ಕಾಗಿಯೂ ಅಲ್ಲ, ಇವನನ್ನು ನೋಡಲು. ಸಂತೆಗೆ ಹೊರಟವನು ದಾರಿಯಲ್ಲಿ ಎದುರಾದವನ ಕುಕ್ಕೆಯಲ್ಲಿ ಇಣುಕಿ ದರ ಕೇಳುವಂತೆ.

"ಅರೆ, ಕಬ್ಬಿನ ಸಾಹೇಬ್ರು," ಎಂದ ಇಮಾಮ್. "ಇಲ್ಲೇ ಇಳ್ದ್ಬುಟ್ರಾ? ಮೈಸೂರು ಇನ್ನೂ ಮುಂದೈತೆ."

"ಕರಿಘಟ್ಟಕ್ಕೋಗ್ಬೇಕಾಗಿತ್ತು ಸಾಬ್ರೆ."

"ಇವತ್ತು ಸೋಮಾರ. ಸೂಜಿ ದಿನ ಅಲ್ವಾ ನಿಮ್ದು?"

ಚಲುವರಾಜು ಚೀಲವನ್ನು ಇನ್ನೊಂದು ಕೈಗೆ ಬದಲಿಸಿದ. ಇಮಾಮ್ ಒಂದು ಗಳಿಗೆ ಅವನ ಮುಖ ನೋಡಿ, "ಗಾಡಿ ಅತ್ಕಳಿ," ಎಂದ. ಆಮೇಲೆ ಏನೋ ನೆನಪಾದವನಂತೆ ತನ್ನ ಬಿಳಿ ಟೋಪಿ ತೆಗೆದು ತಲೆ ಬಗ್ಗಿಸಿ ತೋರಿಸಿದ. ಕೂದಲಿತ್ತು. ಅರ್ಧ ಬೆರಳುದ್ದ, ಕಪ್ಪಗೆ, ಹಸುಗೂಸಿನ ತಲೆಯಂತೆ ಮೆತ್ತಗೆ. "ಮುಂಚೆ ಅರ್ಧ ನರೆತಿತ್ತು ಸಾಹೇಬ್ರೆ. ಈಗ ನೋಡಿ. ನಮ್ ನಜ್ಮುನ್ನೀಸಾ ನಗ್ತಾಳೆ, ಇನ್ನೊಂದ್ ನಿಕಾ ಮಾಡ್ಕೊಳ್ಳಾಕೆ ರೆಡಿ ಆಗಿದ್ದೀರಾ ಅಂತಾಳೆ." ಚಲುವರಾಜು ಅದನ್ನೇ ನೋಡಿದ. ಹೊಟ್ಟೆಕಿಚ್ಚು ಎಂದರೆ ಇದೇ ಇರಬೇಕು. ಬೇರೆಯವರ ಹೊಲ, ಮನೆ, ಪ್ರಮೋಷನ್ನು ಯಾವುದನ್ನು ಕಂಡಾಗಲೂ ಅವನಿಗೆ ಇಷ್ಟು ಉರಿದಿರಲಿಲ್ಲ.

ಜಟಕಾ ಬೆಂಗಳೂರು ರಸ್ತೆಗೆ ಬಿದ್ದು ಹೊಳೆ ದಾಟಿತು. ಕಬ್ಬು ಅರೆಯುವ ಕಾಲ, ಎದುರಿನಿಂದ ಕಬ್ಬಿನ ಗಾಡಿಗಳು ಬರುತ್ತಿದ್ದವು. ಇಮಾಮ್ ಬೆನ್ನು ತಿರುಗಿಸಿಕೊಂಡೇ ಮಾತಾಡುತ್ತಿದ್ದ. ತಾನು ಆಸ್ಪತ್ರೆಯಲ್ಲಿ ಮಲಗಿದಾಗಲೆಲ್ಲ ಕುದುರೆ ಬಡವಾಗುತ್ತಿತ್ತು, ಬೇರೆಯವರು ಹಾಕಿದ ಹುಲ್ಲಿಗೆ ಬಾಯಿಡುತ್ತಿರಲಿಲ್ಲ. ಗಂಟು ಹೋದ ಮೇಲೆ ನಜ್ಮುನ್ನೀಸಾ ದರ್ಗಾಕ್ಕೆ ಚಾದರ ಹೊದಿಸಿ ಬಂದು, ಇನ್ನು ಸಾಕು ಅಂದಳು. ತನಗೂ ಸಾಕಾಗಿತ್ತು. ಚಲುವರಾಜುಗೆ ನಗು ಬಂತು. ಪಾಂಡವಪುರದಲ್ಲಿ ದ್ಯಾವಮ್ಮ, ಶ್ರೀರಂಗಪಟ್ಟಣದಲ್ಲಿ ನಜ್ಮುನ್ನೀಸಾ. ಒಬ್ಬಳ ಮಗನ ಗಂಟನ್ನು ಬೆಟ್ಟದ ಸ್ವಾಮಿ ಕರಗಿಸಿದ, ಇನ್ನೊಬ್ಬಳ ಗಂಡನದನ್ನು ದರ್ಗಾದ ಪೀರ. ಸ್ವಾಮಿ, ಪೀರ ಇಬ್ಬರೂ ಅದೇ ಕೆಂಪು ಶರಬತ್ತು ಒಳಗೆ ಹೋಗುವವರೆಗೆ ಕಾದದ್ದು ಮಾತ್ರ ವಿಚಿತ್ರ. ಈ ಯೋಚನೆ ಎಲ್ಲಿಗೆ ಹೋಗುತ್ತದೆಂದು ಅವನಿಗೆ ಗೊತ್ತಿತ್ತು, ಆದ್ದರಿಂದ ಅದನ್ನು ಅಲ್ಲಿಗೇ ಬಿಟ್ಟು ಇಮಾಮನ ಕತ್ತಿನ ಹಿಂದೆ ಟೋಪಿಯ ಕೆಳಗಿನಿಂದ ಇಣುಕುತ್ತಿದ್ದ ಕೂದಲನ್ನು ನೋಡುತ್ತ ಕೂತ. ಮೂರು ತಿಂಗಳು ಸುಮ್ಮನಿದ್ದರೆ ತನಗೂ ಇಷ್ಟು ಬರುತ್ತದೆ. ಅವ್ವನ ಹರಕೆ ತೀರುತ್ತದೆ. ಮೀಸೆ ಬರುತ್ತದೆ. ನಂಜಪ್ಪ ಎದುರಿಗೆ ಕೂತರೆ ಕಬ್ಬಿನ ಮಾತಾಡುತ್ತಾನೆ.

ಬೆಟ್ಟದ ಬುಡದಲ್ಲಿ, ಲೋಕಪಾವನಿ ಹೊಳೆಯ ದಡದ ಹೊಂಗೆಮರದ ಕೆಳಗೆ ಇಮಾಮ್ ಜಟಕಾ ನಿಲ್ಲಿಸಿದ. ಚಲುವರಾಜು ಇಳಿದು ಚೀಲ ಹೆಗಲಿಗೆ ಹಾಕಿಕೊಂಡಾಗ, "ಸಾಹೇಬ್ರೆ," ಎಂದು ಕರೆದ. ನಗುತ್ತಲೇ ಇದ್ದ, ಕಣ್ಣು ಮಾತ್ರ ಕುದುರೆಯ ಕಡೆಗಿತ್ತು. "ಒಸಿ ಕೈ ಆಕಿ ನೋಡಿ. ನಿಮ್ಗೆ ಗೊತ್ತಾಯ್ತದೆ. ಏನಾರ ಐತಾ?" ಎಂದು ಕಾಲರನ್ನು ಸರಿಸಿದ.

ಚಲುವರಾಜು ಕೈ ಹಾಕಿದ. ದವಡೆಯ ಕೆಳಗೆ ಏನೂ ಇರಲಿಲ್ಲ. ಕಿವಿಯ ಹಿಂದೆ ಇರಲಿಲ್ಲ. ಬೆವರಿನ, ಕುದುರೆಯ, ಹುಲ್ಲಿನ ವಾಸನೆ. ತಿಂಗಳುಗಟ್ಟಲೆ ತನ್ನ ಕತ್ತನ್ನೇ ತಡವಿ ತಡವಿ ಬೆರಳಿಗೆ ದಾರಿ ಬಾಯಿಪಾಠವಾಗಿತ್ತು. ಕೆಳಗಿಳಿದು, ಕತ್ತಿನ ಬುಡದ ಎಲುಬಿನ ಮೇಲಿನ ಗುಳಿಗೆ ಬಂದಾಗ ಏನೋ ಸಿಕ್ಕಿತು. ಸಿಕ್ಕಿ ಜಾರಿತು. ಮತ್ತೆ ಒತ್ತಿದ. ಸಣ್ಣದು, ಗುಂಡಗೆ, ಗಟ್ಟಿ, ಬೆರಳಿನಡಿಯಿಂದ ಆಚೀಚೆ ಓಡಾಡುವಂಥದು. ಅವನ ಬೆರಳು ಅಲ್ಲೇ ನಿಂತಿತು. ಬೆರಳಿಗೆ ಜೋಮು ಹಿಡಿದಿದೆ, ಷರ್ಟಿನ ಗುಂಡಿಯೇ ತಿಳಿಯುವುದಿಲ್ಲ, ಇದೇನು ತಿಳಿದೀತು ಎಂದುಕೊಂಡ. ಇರುವೆಯ ಔಷಧಿ, ಬೆರಳಲ್ಲಿ ಇಲ್ಲದ್ದೆಲ್ಲ ಹರಿದಾಡುತ್ತದೆ.

"ಏನೂ ಇಲ್ಲ ಸಾಬ್ರೆ," ಎಂದ.

ಇಮಾಮ್ ಕಾಲರನ್ನು ಸರಿಮಾಡಿಕೊಂಡ. ದೊಡ್ಡದೊಂದು ಉಸಿರು ಬಿಟ್ಟು, "ಓಗ್ಬನ್ನಿ. ಇಲ್ಲೇ ಇರ್ತೀನಿ," ಎಂದ.

ಬೆಟ್ಟ ಹತ್ತುವುದು ಅವನಿಗೆ ಆಗದ ಕೆಲಸವೇ. ಸ್ವಲ್ಪ ದೂರಕ್ಕೇ ಕಿವಿಯಲ್ಲಿ ಗುಯ್ಯೆಂದು ಶುರುವಾಯಿತು. ಟೋಪಿ ತೆಗೆದು ಮೆಟ್ಟಿಲ ಮೇಲೆ ಕೂತ. ಮೇಲಿನಿಂದ ಇಳಿದು ಬರುತ್ತಿದ್ದ ಸಂಸಾರವೊಂದರಲ್ಲಿ ಒಂದು ಹಸುಗೂಸು, ತಲೆಗೆ ಗಂಧ ಬಳಿದಿದ್ದರು. ಮುಡಿ ಕೊಟ್ಟು ಬರುತ್ತಿದ್ದಾರೆ. ಕೊಡಲು ಅದಕ್ಕೆ ಇತ್ತು. ತಾಯಿ ಅವನ ತಲೆಯನ್ನೂ ಮಗುವಿನ ತಲೆಯನ್ನೂ ನೋಡಿ ಮುಗುಳ್ನಕ್ಕಳು, ಇವನದೂ ಹರಕೆಯೇ ಎಂದು ತಿಳಿದು. ಅವನೂ ನಕ್ಕ. ಯಾರು ಏನು ತಿಳಿದುಕೊಂಡರೆ ಅದಕ್ಕೆಲ್ಲ ಹೂಂ ಅನ್ನುವುದು ಅವನಿಗೆ ಅಭ್ಯಾಸವಾಗಿಹೋಗಿತ್ತು. ಕೆಳಗೆ ಹೊಳೆ, ಅದರ ಪಕ್ಕ ಜಟಕಾ, ಬೊಟ್ಟಿನಷ್ಟು ಇಮಾಮ್. ಬೆರಳಿನಲ್ಲಿ ಆ ಗುಂಡಗಿನದು ಇನ್ನೂ ಓಡಾಡುತ್ತಿತ್ತು. ತೊಡೆಗೆ ಉಜ್ಜಿಕೊಂಡ. ಹೋಗಲಿಲ್ಲ. ಚೀಲಕ್ಕೆ ಕೈಹಾಕಿ ಅವ್ವ ಕಟ್ಟಿಕೊಟ್ಟ ಹುರಿಗಡಲೆಯ ಪೊಟ್ಟಣ ಬಿಚ್ಚಿ, ಒಂದು ಕಾಳು ತೆಗೆದು ಟವೆಲಿನ ಕೆಳಗಿಟ್ಟು ಕಣ್ಣು ಮುಚ್ಚಿ ಬೆರಳಾಡಿಸಿದ. ಸಿಕ್ಕಿತು. ಎಲ್ಲಿದೆ, ಎಷ್ಟಿದೆ, ಯಾವ ಕಡೆ ಚಪ್ಪಟೆ ಇದೆ ಎಂಬುದೆಲ್ಲ ತಿಳಿಯಿತು. ಜಾಗ ಬದಲಿಸಿ ಮತ್ತೆ ನೋಡಿದ. ಮತ್ತೆ ಸಿಕ್ಕಿತು. ಆಮೇಲೆ ಅದೇ ಬೆರಳನ್ನು ತನ್ನ ಕತ್ತಿಗೆ ಇಟ್ಟು, ದವಡೆಯಿಂದ ಗುಳಿಯವರೆಗೂ ಹುಡುಕಿದ. ಏನೂ ಇರಲಿಲ್ಲ. ಬೋಳುತಲೆಯವನ ಕತ್ತಿನಲ್ಲಿ ಏನೂ ಇಲ್ಲ, ಕೂದಲು ಬಂದವನ ಕತ್ತಿನಲ್ಲಿ ಇದೆ. ಇದಕ್ಕಿಂತ ಬಿಡಿಸಿ ಹೇಳುವುದು ಯಾರಿಂದಲೂ ಆಗುವುದಿಲ್ಲ, ಡಾಕ್ಟರಮ್ಮನಿಂದಲೂ ಸ್ವಾಮಿಯಿಂದಲೂ.

ಇಮಾಮನಿಗೆ ಇಲ್ಲವೆಂದದ್ದು ಇಮಾಮನಿಗಾಗಿ ಅಲ್ಲ ಎಂಬುದು ಮೆಟ್ಟಿಲ ಮೇಲೆ ಕೂತಂತೆಯೇ ಅವನಿಗೆ ಸ್ಪಷ್ಟವಾಯಿತು. ಅವನ ಕತ್ತಿನಲ್ಲಿ ಇಲ್ಲದಿದ್ದರೆ ತಾನು ಮೈಸೂರಿಗೆ ಹೋಗಬೇಕಾಗಿರಲಿಲ್ಲ. ಅಷ್ಟಕ್ಕೇ ಅದು ಇಲ್ಲವಾಯಿತು. ಬೆಳಗಿನಿಂದ ಎರಡು ಸುಳ್ಳು ಹೇಳಿದ್ದಾನೆ. ಮೊದಲನೆಯದರಿಂದ ಅವ್ವ ಸಾಯುವುದಿಲ್ಲ, ಈ ಹೊತ್ತಿಗೆ ಹಿತ್ತಲಲ್ಲಿ ಕೂತು ಸೊಸೆಯನ್ನು ಬೈಯುತ್ತಿರುತ್ತಾಳೆ. ಎರಡನೆಯದರಿಂದ ಇಮಾಮ್ ಸಾಯುತ್ತಾನೆ. ಅವನಿಗೆ ಅಳು ಬಂತು. ತನಗಾಗಿಯೋ ಇಮಾಮನಿಗಾಗಿಯೋ ಎಂದು ನೋಡಿಕೊಳ್ಳುವ ಚಟವನ್ನು ಒಂದು ಸಲವಾದರೂ ಬಿಡಬೇಕೆನಿಸಿ, ಸುಮ್ಮನೆ ಅತ್ತು, ಟವೆಲಿನಲ್ಲಿ ಮುಖ ಒರೆಸಿಕೊಂಡು ಕೆಳಗಿಳಿದ. ಮೇಲೆ ಹತ್ತುವುದಕ್ಕಿಂತ ಅದೇ ಕಷ್ಟವಾಗಿತ್ತು.

ಇಮಾಮ್ ಕುದುರೆಯ ಮೈ ಉಜ್ಜುತ್ತಿದ್ದ. "ಇಷ್ಟು ಬೇಗ ಆಯ್ತಾ ಪೂಜೆ?" ಎಂದ.

"ಐತೆ ಸಾಬ್ರೆ," ಎಂದ ಚಲುವರಾಜು. "ಗುಳಿ ತಾವ ಐತೆ. ನಾನು ಇಲ್ಲ ಅಂತ ಸುಳ್ಳೇಳ್ದೆ."

ಉಜ್ಜುತ್ತಿದ್ದ ಕೈ ನಿಲ್ಲಲಿಲ್ಲ. "ಗೊತ್ತು," ಎಂದ ಇಮಾಮ್. "ಸುಮಾರ್ ದಿನ ಆಯ್ತು. ಬೆಳಿಗ್ಗೆ ಎದ್ದೇಟ್ಗೆ ಕೈ ಅಲ್ಲಿಗೇ ಓಯ್ತದೆ. ಯಾರ್ಗೂ ಏಳಿಲ್ಲ. ನೀವು ಇಲ್ಲ ಅಂದ್ರಲ್ಲ, ಖುದಾ ಕಸಂ ಸಾಹೇಬ್ರೆ, ಒಂದ್ ಗಳ್ಗೆ ನಿಜ್ವಾಗ್ಲೂ ಇರ್ನಿಲ್ಲ ಅದು."

ಚಲುವರಾಜು ಚೀಲವನ್ನು ಜಟಕಾದೊಳಕ್ಕೆ ಇಟ್ಟ.

"ನಡೀರಿ, ಮೈಸೂರ್ಗೆ ಓಗವಾ."

"ನೀವೋಗಿ. ನಾನು ನಾಳೆನೋ ನಾಳಿದ್ದೋ ಬತ್ತೀನಿ. ಈಗ ಓದ್ರೆ ಡಾಕ್ಟ್ರಮ್ಮ ಉಗೀತಾರೆ."

"ನಂಗೂ ಉಗೀತಾರೆ. ಒಟ್ಗೇ ಉಗಿಸ್ಕಳವಾ."

"ಇಲ್ಲ ಸಾಹೇಬ್ರೆ. ಮತ್ತೆ ಒಂದ್ರಿಂದ ಶುರು ಮಾಡು ಅಂತಾರೆ. ಆ ಶರಬತ್ತು ನನ್ ಕೈಲಾಗಾಕಿಲ್ಲ."

ಚಲುವರಾಜು ಜಟಕಾದ ಚಕ್ರ ಹಿಡಿದುಕೊಂಡು ನಿಂತಿದ್ದ. ಹೇಳಬೇಕಾದದ್ದು ಬೇರೆಯೇ ಇತ್ತು, ರಂಜಿತಳಿಗೂ ಹೇಳದೆ ಇದ್ದದ್ದು. "ನಂಗೆ ಒಬ್ನೇ ಓಗಾಕೆ ಆಯ್ತಿಲ್ಲ ಸಾಬ್ರೆ," ಎಂದ. "ಎದ್ರಿಕೆ. ಬಾಗ್ಲಲ್ಲೇ ವಾಂತಿ ಬತ್ತದೆ. ಅದ್ಕೇ ಇಳ್ದಿದ್ದು ನಾನು. ಕರಿಘಟ್ಟನೂ ಇಲ್ಲ, ಏನೂ ಇಲ್ಲ. ನೀವು ಔಸ್ದಿ ಬುಟ್ಟು ಎಂಗಿದೀರಿ ಅಂತ ನೋಡಾಕೆ ಬಂದೆ. ಚೆನ್ನಾಗಿದ್ರೆ ನಾನೂ ಬುಟ್ಬುಡವಾ ಅಂತ."

ಇಮಾಮ್ ತಿರುಗಿ ಅವನನ್ನು ನೋಡಿದ. ಬೈಯುತ್ತಾನೆಂದುಕೊಂಡ ಚಲುವರಾಜು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಇಮಾಮ್ ಟೋಪಿ ತೆಗೆದು ತಲೆಯ ಮೇಲೆ ಒಂದು ಸಲ ಕೈಯಾಡಿಸಿಕೊಂಡ. "ಇದೂ ಓಯ್ತದೆ ಅನ್ನಿ," ಎಂದ. ಆಮೇಲೆ ಬೆಟ್ಟದ ಕಡೆ ಗಲ್ಲ ಎತ್ತಿ, "ನಿಮ್ಮವ್ವ ನಿಮ್ ಮುಡಿ ಕೊಡ್ತೀನಂತ ಸ್ವಾಮಿಗೆ ಅಂದವ್ರೆ ಅಂತ ವಾರ್ಡಲ್ಲಿ ಏಳಿದ್ರಿ. ಎಂಗಿದ್ರೂ ಉದುರೋಗೋದು, ಬೇಕಾದ್ರೆ ಇದ್ನ ಕೊಡ್ಬೋದಾಗಿತ್ತು. ಸಾಬರ ಕೂದ್ಲು ನಿಮ್ ಸ್ವಾಮಿಗೆ ಆಯ್ತದೋ ಇಲ್ವೋ," ಎಂದ. ಚಲುವರಾಜುಗೆ ನಗು ಬಂದು, ನಿಲ್ಲಿಸಲಾಗದೆ, ಚಕ್ರ ಹಿಡಿದುಕೊಂಡೇ ನಕ್ಕ. ಮೊದಲ ಮೆಟ್ಟಿಲಿಗೆ ಹೋಗಿ ಕಾಯಿ ಒಡೆಯಲು ನೋಡಿದ. ಜೋಮುಗೈಯಿಂದ ಜಾರಿ ಉರುಳಿಹೋಯಿತು. ಇಮಾಮ್ ಎತ್ತಿಕೊಂಡು ಒಂದೇ ಏಟಿಗೆ ಒಡೆದುಕೊಟ್ಟ. ಒಂದು ಹೋಳನ್ನು ಮೆಟ್ಟಿಲ ಮೇಲಿಟ್ಟು ಚಲುವರಾಜು ಕೈ ಮುಗಿದ. ಏನು ಕೇಳಿಕೊಳ್ಳಬೇಕೆಂದು ಹೊಳೆಯಲಿಲ್ಲ. ಇನ್ನೊಂದನ್ನು ಚೂರು ಮಾಡಿ ಕುದುರೆಗೆ ಕೊಟ್ಟರು.

ಕುದುರೆ ಕಟ್ಟಿಹೋಗಲು ಗಂಜಾಮಿನಲ್ಲಿದ್ದ ಇಮಾಮನ ಮನೆಗೆ ಹೋದರು. ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ನಜ್ಮುನ್ನೀಸಾ ಗಂಡನ ಜೊತೆಗೆ ಬಂದ ಬೋಳುತಲೆಯವನನ್ನು ನೋಡಿದಳು, ಗಂಡನನ್ನು ನೋಡಿದಳು. "ಮೈಸೂರ್ಗೆ ಓಗ್ಬತ್ತೀನಿ," ಎಂದ ಇಮಾಮ್, ಯಾವುದೋ ಸಾಮಾನು ತರುವವನಂತೆ. ಅವಳು ಮೊರ ಕೆಳಗಿಟ್ಟು ಒಳಗೆ ಹೋಗಿ, ಒಂದು ಟವೆಲು, ಆಸ್ಪತ್ರೆಯ ಚೀಟಿಗಳು, ಅವುಗಳ ಮೇಲೆ ಮಡಿಸಿದ ಒಂದು ಉಣ್ಣೆಯ ಟೋಪಿ ತಂದು ಅವನ ಕೈಗಿಟ್ಟಳು. ಕೂದಲಿಲ್ಲದಾಗ ಅವನು ಹಾಕಿಕೊಳ್ಳುತ್ತಿದ್ದ ಟೋಪಿ. ಹುಡುಕಿದ ಸದ್ದೇ ಇರಲಿಲ್ಲ, ಕೈಗೆ ಸಿಗುವ ಹಾಗೆಯೇ ಇಟ್ಟಿದ್ದಳು. "ಖಾಕೇ ಜಾವ್," ಎಂದಳು ಗಂಡನಿಗೆ. ಆಮೇಲೆ ಚಲುವರಾಜು ಕಡೆ ತಿರುಗಿ, "ನೀವೂ ಒಂದ್ ತುತ್ತು ತಿನ್ನಿ ಭಯ್ಯಾ, ಅಲ್ಲಿ ಓದ್ಮೇಲೆ ಏನೂ ಸೇರಾಕಿಲ್ಲ," ಎಂದಳು. ಇಮಾಮ್ ಟೋಪಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತ ನಿಂತಿದ್ದ.

ಮೈಸೂರು ಬಸ್ಸಿನಲ್ಲಿ ಇಮಾಮನಿಗೆ ಕಿಟಕಿ ಸಿಕ್ಕಿತು. ಬಾಯಿಗೆ ಆಗಲೇ ತಗಡಿನ ರುಚಿ ಬರತೊಡಗಿದ್ದರಿಂದ ಚಲುವರಾಜು ಬೇರೆ ಏನನ್ನಾದರೂ ಯೋಚಿಸಲು ನೋಡಿದ. ಸಂಜೆ ಅವ್ವನಿಗೆ ಹೇಳಬೇಕು, ಇನ್ನೂ ಎರಡು ಸಲ ಇದೆ, ಕೂದಲು ಆಮೇಲೆ, ಅಲ್ಲಿಯವರೆಗೂ ನಿನ್ನ ಸ್ವಾಮಿ ಕಾಯಲಿ ಎಂದು. ಅವಳು ಅಳುತ್ತಾಳೆ. ಅಳಲಿ. ಈ ವಾರ ನಂಜಪ್ಪ ದುಃಖ ಹಂಚಿಕೊಳ್ಳಲು ಮನೆಗೆ ಬರುತ್ತಾನೆ, ಬಂದರೆ ಅವ್ವನೇ ಬಾಗಿಲು ತೆಗೆಯುತ್ತಾಳೆ, ಕುಂತ್ಕಳಪ್ಪಾ ಎಂದು ಮಜ್ಜಿಗೆ ಕೊಡುತ್ತಾಳೆ. ಆಗ ಅವನಿಗೆ ಕಾಯಿಲೆಯ ಹೆಸರು ಹೇಳಿಬಿಡಬೇಕು. ಬಸ್ಸು ವೇಗ ಹಿಡಿಯಿತು. ಇಮಾಮ್ ಬಿಳಿ ಟೋಪಿಯನ್ನೂ ಉಣ್ಣೆಯ ಟೋಪಿಯನ್ನೂ ತೊಡೆಯ ಮೇಲಿಟ್ಟುಕೊಂಡು ಕಿಟಕಿಗೆ ತಲೆಯಾನಿಸಿದ್ದ. ಗಾಳಿಗೆ ಅವನ ಎಳೆಗೂದಲು ಎದ್ದು ಎದ್ದು ಮಲಗುತ್ತಿತ್ತು. ಕಿಟಕಿ ಮುಚ್ಚಲೇ ಎಂದು ಕಂಡಕ್ಟರು ಕೇಳಿದ್ದಕ್ಕೆ ಇಬ್ಬರೂ ಒಟ್ಟಿಗೆ ಬೇಡವೆಂದರು. ಆಸ್ಪತ್ರೆಯ ಸ್ಟಾಪು ಬರುವವರೆಗೂ ಚಲುವರಾಜು ಆ ಕೂದಲನ್ನೇ ನೋಡುತ್ತಿದ್ದ.